ಪೆದ್ದಮ್ಮ ತೋಳೆತ್ತಿದಳು

"ಕೈ ಮೇಲೆತ್ತಿ ಅಮ್ಮ," ಎಂದರು ಡಾಕ್ಟರ್ ಚಂದ್ರಿಕಾ.

ಪೆದ್ದಮ್ಮ ಎತ್ತಿದಳು.

ಒಂದಲ್ಲ, ಎರಡೂ ಕೈ. ಟೌನ್ ಬಸ್ಸಿನಲ್ಲಿ ಕಂಬಿ ಹಿಡಿಯುವವಳ ಹಾಗೆ ನೆಟ್ಟಗೆ ಮೇಲಕ್ಕೆ. ಬಳೆಗಳು ಜಾರಿ ಮೊಣಕೈವರೆಗೆ ಬಂದವು.

ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. "ಪೆದ್ದಮ್ಮಕ್ಕ! ಇದೇನಕ್ಕ ಇದು?"

"ಡಾಕ್ಟ್ರಮ್ಮ ಎತ್ತು ಅಂದ್ರು, ಎತ್ತಿದೆ. ನಿಂಗೇನಾಯ್ತು ರಂಗನಾಯಕಿ?"

ನನಗೇನಾಯಿತು! ಹದಿನೈದು ದಿನದಿಂದ ಬಿಸಿಲಲ್ಲಿ ಅಲೆದು ಕಟ್ಟಿದ ಕೇಸು ನಿಂತಿದ್ದದ್ದು ಒಂದೇ ಒಂದು ಮಾತಿನ ಮೇಲೆ. ಈ ಹೆಂಗಸಿಗೆ ತೋಳು ಎತ್ತಲಾಗುವುದಿಲ್ಲ ಎಂಬ ಮಾತು.

ಫೆಬ್ರವರಿ ಹದಿನೆಂಟರ ಬೆಳಿಗ್ಗೆ ಐದೂವರೆಗೆ, ನಂಗವಳ್ಳಿ ಪಕ್ಕದ ನಮ್ಮ ಹಟ್ಟಿಯಲ್ಲಿ, ಪೆದ್ದಮ್ಮನ ಪಕ್ಕದ ಮನೆ ದಾಸಪ್ಪನ ಏಣಿಯನ್ನು ಯಾರೋ ಹತ್ತಿ ಮೇಲಿನ ನೀರಿನ ಟ್ಯಾಂಕಿಗೆ ಹುಳದ ಮದ್ದು ಸುರಿದಿದ್ದರು. ಮನೆಯವರಿಗಿಂತ ಮೊದಲು ಎದ್ದು ಕಾಫಿ ಕಾಸಿಕೊಂಡು ಕುಡಿದ ದಾಸಪ್ಪ ಸೇಲಂ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹಾಲು ಹಾಕಲು ಹೊರಟಿದ್ದ ಪೊನ್ನುಸ್ವಾಮಿ ಏಣಿಯ ಮೇಲೆ ಅರಗಿನ ಬಣ್ಣದ ಸೀರೆ ಕಂಡೆ ಎಂದ. ಆ ಸೀರೆ ಪೆದ್ದಮ್ಮನದು. ಹಿಂದಿನ ಸಂಜೆ ಅವಳೂ ದಾಸಪ್ಪನೂ ಬೀದಿಯಲ್ಲಿ ನಿಂತು ಊರೇ ಕೇಳುವಂತೆ ಕಿತ್ತಾಡಿದ್ದರು. ಯಾಕೆ ಎಂದು ಕೇಳಿದರೆ ಪೆದ್ದಮ್ಮ ಬಾಯಿ ಬಿಡುತ್ತಿರಲಿಲ್ಲ.

ಆ ಏಣಿಯನ್ನು ನಾನೇ ಹತ್ತಿ ನೋಡಿದ್ದೆ. ಕೊನೆಯ ಮೆಟ್ಟಿಲ ಮೇಲೆ ನಿಂತರೂ ಟ್ಯಾಂಕಿನ ಮುಚ್ಚಳ ತಲೆಗಿಂತ ಮೇಲಿರುತ್ತದೆ. ಎರಡೂ ತೋಳು ಎತ್ತಿ ತಿರುಗಿಸದೆ ಅದು ಬಿಚ್ಚುವುದಿಲ್ಲ. ಪೆದ್ದಮ್ಮನಿಗೆ ಅರವತ್ತಮೂರು ವರ್ಷ, ಬೆಳಿಗ್ಗೆ ಹೊತ್ತು ತೋಳೇ ಏಳುವುದಿಲ್ಲ ಎಂದು ಅವಳ ಸೊಸೆ ಸಂಧ್ಯಾ ಹೇಳಿದ್ದಳು. ಪೊಲೀಸ್ ಕೆಲಸ ಬಿಟ್ಟು ವಕೀಲರಿಗೆ ವಿಚಾರಣೆ ಮಾಡಿಕೊಡುವ ನನಗೆ ಅಷ್ಟು ಸಾಕಿತ್ತು. ಸೋಮವಾರ ನಿರೀಕ್ಷಣಾ ಜಾಮೀನಿನ ಅರ್ಜಿ. ಇವತ್ತು ಗುರುವಾರ. ಡಾಕ್ಟರ ಕೈಯಲ್ಲಿ ಒಂದು ಮಾತು ಬರೆಸಿಕೊಂಡರೆ ಮುಗಿಯಿತು ಎಂದು ಬಂದರೆ, ಇವಳು ಕೈ ಎತ್ತಿ ಕೂತಿದ್ದಾಳೆ.

ಡಾಕ್ಟರ್ ನನ್ನ ಕಡೆ ನೋಡಲೇ ಇಲ್ಲ. "ಈಗ ಗಂಟೆ ಹನ್ನೊಂದೂ ಮುಕ್ಕಾಲು. ಇವರು ಕೇಳ್ತಿರೋದು ಬೆಳಿಗ್ಗೆ ಐದೂವರೆ ವಿಷಯ. ಎರಡೂ ಒಂದೇ ಅಲ್ಲ. ಅಮ್ಮ, ಎಲ್ಲಿ ನೋವು?"

"ಎಲ್ಲಾ ಕಡೆ."

"ಎಲ್ಲಾ ಕಡೆ ಅಂದರೆ?"

"ಎಲ್ಲಾ ಕಡೆ ಅಂದ್ರೆ ಎಲ್ಲಾ ಕಡೆ ಕಣಮ್ಮ. ಒಡಂಬು ಫುಲ್ಲಾ ವಲಿ."

ಮೈಯೆಲ್ಲಾ ನೋವು. ಈ ಒಂದು ಉತ್ತರ ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು. ಮೇಟೂರಿನ ಕ್ಲಿನಿಕ್ಕಿನಲ್ಲೂ ಇವಳು ಇದನ್ನೇ ಹೇಳಿದ್ದಳು. ಅಲ್ಲಿನ ಡಾಕ್ಟರ್ ಫೆಬ್ರವರಿ ನಾಲ್ಕಕ್ಕೆ ರಕ್ತ ತೆಗೆಸಿ, ಎಲ್ಲಾ ಸರಿಯಾಗಿದೆ ಎಂದು ನೋಡಿ, 'ಫೈಬ್ರೋಮಯಾಲ್ಜಿಯಾ' ಎಂದು ಬರೆದುಕೊಟ್ಟಿದ್ದರು. ಆ ಚೀಟಿ ಈಗ ಇನ್ಸ್‌ಪೆಕ್ಟರ್ ಅಣ್ಣಾಮಲೈ ಫೈಲಿನಲ್ಲಿತ್ತು. ನೋವಿದ್ದರೂ ಬಲ ಕುಂದದ ಕಾಯಿಲೆ, ಏಣಿ ಹತ್ತಲು ಅಡ್ಡಿಯಿಲ್ಲ ಎಂಬುದು ಅವರ ವಾದ.

ಚಂದ್ರಿಕಾ ಬೆರಳಿಂದ ಒಂದೊಂದೇ ಜಾಗ ಒತ್ತಿದರು. ಮೊಣಕೈ, ಇಲ್ಲ. ಎದೆ, ಇಲ್ಲ. ಮೊಣಕಾಲು, ಇಲ್ಲ. ಕುತ್ತಿಗೆಯ ಬುಡ, ಹೌದು. ಭುಜ, ಹೌದು. ಸೊಂಟ, ತೊಡೆಯ ಮೇಲ್ಭಾಗ, ಹೌದು.

"ಯಾವಾಗ ಶುರುವಾಯ್ತು?"

"ಮಾರ್ಗಳಿ ತಿಂಗಳಲ್ಲಿ, ಪೊಂಗಲ್‌ಗೆ ಮುಂಚೆ. ನೆಟ್ಟಗಿದ್ದೆ. ಒಂದ್ ವಾರದಲ್ಲಿ ಬಿದ್ದೋದೆ."

"ಬೆಳಿಗ್ಗೆ ಎದ್ದರೆ ಹೇಗಿರ್ತಿತ್ತು?"

"ಎದ್ರೆ ಅಲ್ವಾ! ಸಂಧ್ಯಾ ಬಂದು ಎತ್ತಿ ಕೂರ್ಸ್‌ಬೇಕಿತ್ತು. ಕಟ್ಟಿಗೆ ಕಟ್ಟಿಗೆ. ತಲೆ ಬಾಚ್ಕೊಳ್ಳಕ್ಕೆ ಕೈ ಏಳ್ತಿರ್ಲಿಲ್ಲ. ಬಿಸ್ಲು ಏರಿ ಎರಡ್ ಗಂಟೆ ಆದ್ಮೇಲೆ ಮನುಷ್ಯಳಾಗ್ತಿದ್ದೆ."

"ಈಗ?"

"ಈಗ ಪರವಾಯಿಲ್ಲೆ."

"ಯಾವತ್ತಿಂದ ಪರವಾಗಿಲ್ಲ?"

ಪೆದ್ದಮ್ಮ ಸೆರಗಿನ ತುದಿ ತಿರುಚಿದಳು. "ಗ್ಯಾಪ್ಕ ಇಲ್ಲ."

"ಏನಾದರೂ ಔಷಧಿ, ಪುಡಿ, ಕಷಾಯ?"

"ಏನೂ ಇಲ್ಲ."

"ತಲೆನೋವು? ಅಗಿಯುವಾಗ ದವಡೆ ನೋಯೋದು? ಕಣ್ಣು ಮಂಜಾಗೋದು?"

"ಇಲ್ಲ, ಇಲ್ಲ, ಇಲ್ಲ ಅಂದ್ನಲ್ಲ."

ರಕ್ತದ ವರದಿ ಒಂದು ಗಂಟೆಯಲ್ಲಿ ಬಂತು. ಒಳಗೆ ಊತವಿದ್ದರೆ ಏರಬೇಕಾದ ಇ.ಎಸ್.ಆರ್. ಬರೀ ಹದಿನಾಲ್ಕು. ಸಿ.ಆರ್.ಪಿ. ಸರಿಯಾಗಿದೆ. ಮೇಟೂರಿನವರು ಬರೆದದ್ದೇ.

"ಹಾಗಾದ್ರೆ ಫೈಬ್ರೋಮಯಾಲ್ಜಿಯಾನೇ," ಎಂದೆ. ನನ್ನ ದನಿಯಲ್ಲಿದ್ದ ಬೇಸರ ನನಗೇ ಕೇಳಿಸಿತು. ಪೆದ್ದಮ್ಮನನ್ನು ಹೊರಗೆ ಕೂರಿಸಿ ಬಂದಿದ್ದೆ.

"ಅಲ್ಲ," ಎಂದರು ಚಂದ್ರಿಕಾ. "ಫೈಬ್ರೋಮಯಾಲ್ಜಿಯಾ ಅಂದರೆ ನೋವನ್ನ ಮಿದುಳಿಗೆ ಮುಟ್ಟಿಸೋ ದಾರಿಯೇ ಕೆರಳಿ ಕೂತಿರುತ್ತೆ. ಒಳಗೆ ಊತ ಇರಲ್ಲ, ರಕ್ತದಲ್ಲಿ ಸುಳಿವು ಸಿಗಲ್ಲ. ಸಾಮಾನ್ಯವಾಗಿ ಸಣ್ಣ ವಯಸ್ಸಲ್ಲೇ ಮೆಲ್ಲಗೆ ಬರುತ್ತೆ, ವರ್ಷಗಟ್ಟಲೆ ಇರುತ್ತೆ, ಇವತ್ತು ಇಲ್ಲಿ, ನಾಳೆ ಅಲ್ಲಿ. ಎಷ್ಟು ಮಲಗಿದರೂ ದಣಿವು ಹೋಗಲ್ಲ. ಅದು ಸುಳ್ಳು ಕಾಯಿಲೆ ಅಂತ ಮಾತ್ರ ಅನ್ಕೋಬೇಡಿ, ಅನುಭವಿಸಿದವರಿಗೇ ಗೊತ್ತು."

"ಇವ್ಳದ್ದು?"

"ಅರವತ್ತು ದಾಟಿದ ಮೇಲೆ, ಒಂದೇ ವಾರದಲ್ಲಿ, ಎರಡೂ ಭುಜ, ಸೊಂಟದ ಎರಡೂ ಬದಿ. ಬೆಳಿಗ್ಗೆ ಎರಡು ಗಂಟೆ ಬಿಗಿತ. ಇದು ಊತದ ಕಾಯಿಲೆಯ ಲಕ್ಷಣ. ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಅಂತೀವಿ. ಹೆಸರಲ್ಲಿ ಸ್ವಲ್ಪ ಹೋಲಿಕೆ, ಕಾಯಿಲೆ ಬೇರೆ, ಔಷಧಿ ಬೇರೆ."

"ಆದ್ರೆ ರಕ್ತದಲ್ಲಿ ಏನೂ ಇಲ್ವಲ್ಲ ಡಾಕ್ಟ್ರೇ!"

"ಅದೇ ನನಗೂ ರೇಗ್ತಿರೋದು. ರಕ್ತವನ್ನ ಯಾರೋ ಸುಮ್ಮನಿರಿಸಿದ್ದಾರೆ." ಅವರು ಪೆನ್ನು ಮೇಜಿನ ಮೇಲೆ ಹಾಕಿದರು. "ಅವರ ಕೆನ್ನೆ ನೋಡಿದ್ರಾ? ಉಬ್ಬಿದೆ. ಮುಂಗೈ ಮೇಲೆ ನೀಲಿ ಕಲೆಗಳು, ಪೆಟ್ಟು ಬೀಳದೆ. ಒಳಗೆ ಸ್ಟೀರಾಯ್ಡ್ ಹೋಗ್ತಿದೆ. ಈ ಕಾಯಿಲೆಗೆ ಸ್ಟೀರಾಯ್ಡ್ ಕೊಟ್ಟರೆ ಎರಡು ಮೂರು ದಿನದಲ್ಲಿ ಎದ್ದು ಓಡಾಡ್ತಾರೆ. ಕೆಲವು ವಾರದಲ್ಲಿ ರಕ್ತವೂ ಸರಿಹೋದ ಹಾಗೆ ತೋರುತ್ತೆ. ಫೈಬ್ರೋಮಯಾಲ್ಜಿಯಾ ಆಗಿದ್ದರೆ ಅದಕ್ಕೆ ಜಗ್ಗುತ್ತಿರಲಿಲ್ಲ."

"ತಗೊಳ್ತಿಲ್ಲ ಅಂತಾಳಲ್ಲ."

"ಅದನ್ನ ಪತ್ತೆ ಮಾಡೋದು ನಿಮ್ಮ ಕೆಲಸ. ಏನು, ಎಷ್ಟು ಹೋಗ್ತಿದೆ ಅಂತ ತಿಳಿಯದೆ ನಾನು ಏನೂ ಬರೆಯಲ್ಲ. ನಾಳೆ ಸಂಜೆಯೊಳಗೆ ತಂದು ತೋರಿಸಿ. ಒಂದು ಮಾತು, ಅದನ್ನ ಥಟ್ಟನೆ ನಿಲ್ಲಿಸಬೇಡಿ. ತಲೆನೋವು, ದವಡೆ ನೋವು, ಕಣ್ಣಿನ ತೊಂದರೆ ಅಂದರೆ ಆ ಕ್ಷಣ ನನಗೆ ಫೋನ್ ಮಾಡಿ."

ಸೇಲಂ ಬಸ್ ಸ್ಟ್ಯಾಂಡಿನಲ್ಲಿ ಅಣ್ಣಾಮಲೈ ಫೋನು ಬಂತು.

"ಎನ್ನಮ್ಮಾ, ಡಾಕ್ಟರ್ ಏನಂದ್ರು? ಕೈ ಎತ್ತಿದ್ರಾ, ಇಲ್ವಾ?"

ಆಸ್ಪತ್ರೆಯಲ್ಲಿ ಇವರಿಗೆ ಯಾರು ಹೇಳಿದರೋ! "ಮಧ್ಯಾಹ್ನ ಎತ್ತೋದು ಬೇರೆ, ಬೆಳಿಗ್ಗೆ ಎತ್ತೋದು ಬೇರೆ ಸಾರ್."

"ಅಂದ್ರೆ ಮಧ್ಯಾಹ್ನ ಎತ್ತಿದ್ರು." ನಕ್ಕರು. "ಸೋಮವಾರ ಕೋರ್ಟಲ್ಲಿ ಇದನ್ನೇ ಹೇಳಿ. ಜಡ್ಜ್ ಅಮ್ಮಾವ್ರು ಗಡಿಯಾರ ನೋಡ್ಕೊಂಡು ತೀರ್ಪು ಕೊಡ್ಲಿ."

ಫೋನು ಕುಕ್ಕಿದೆ. ಕುಕ್ಕಲು ಈಗಿನ ಫೋನುಗಳಲ್ಲಿ ಏನೂ ಇಲ್ಲ, ಅದೊಂದು ಸಿಟ್ಟು ಬೇರೆ.

ಹಟ್ಟಿಗೆ ಬಂದಾಗ ನಾಲ್ಕು ಗಂಟೆ. ಸಂಧ್ಯಾ ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆಗೆ ಸರಪಳಿ ಬೆಸೆಯುವ ಪಟ್ಟಡೆಗೆ ಕೆಲಸಕ್ಕೆ ಹೋದವಳು ಇನ್ನೂ ಬಂದಿರಲಿಲ್ಲ. ಅವಳ ಗಂಡ ತಿರುಪ್ಪೂರಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ನಾನು, ಪೆದ್ದಮ್ಮ ಇಬ್ಬರೇ.

ರಾಗಿ ಡಬ್ಬ ನೋಡಿದೆ. ಕಾಫಿ ಪುಡಿ ಡಬ್ಬ, ಸಕ್ಕರೆ ಡಬ್ಬ, ದೇವರ ಗೂಡು, ತಲೆದಿಂಬಿನ ಕೆಳಗೆ. ಪೆದ್ದಮ್ಮ ಜಗಲಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

"ಏನ್ ಉಡುಕ್ತಾ ಇದೀಯೆ?"

"ನಿನ್ನ ತಲೆ ಉಳ್ಸೋದನ್ನ."

"ಸಿಕ್ರೆ ಏಳು. ಈಗ ಆ ಎಲೆ ಅಡ್ಕೆ ಚೀಲ ಇತ್ಲಾಗ್ ಕೊಡು."

ಚೀಲ ಎತ್ತಿದೆ. ಎಲೆ ಅಡಿಕೆಗೆ ಇಷ್ಟು ಭಾರ ಬೇಡ. ಕೈ ಹಾಕಿದೆ. ಸುಣ್ಣದ ಡಬ್ಬಿಯ ಕೆಳಗೆ ಕಾಗದದ ಪೊಟ್ಟಣ. ಒಳಗೆ ಕಂದು ಪುಡಿ, ತಳದಲ್ಲಿ ಎರಡು ಮೂರು ಚಮಚ ಉಳಿದಿತ್ತು. ಮೇಲೆ ತಮಿಳಿನಲ್ಲಿ ಮುದ್ರೆ: ಮಲ್ಲಪ್ಪ, ಮೂಲಿಗೈ ವೈದ್ಯರು, ಪಾಪಿರೆಡ್ಡಿಪಟ್ಟಿ. ಗಿಡಮೂಲಿಕೆ ಔಷಧಿಯವನು.

"ಇದೇನಕ್ಕ?"

"ಅಲ್ಲುಪುಡಿ."

"ಹಲ್ಲುಪುಡೀನಾ? ಇವತ್ತು ಬೆಳಿಗ್ಗೆ ಬೇವಿನ ಕಡ್ಡಿ ಅಗೀತಿದ್ದೆಯಲ್ಲ!"

"ಬೇವು ಒಂದಿನ, ಪುಡಿ ಒಂದಿನ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಠಾಣೆಯಲ್ಲಿ ಇಪ್ಪತ್ತೆರಡು ವರ್ಷ ಸುಳ್ಳು ಕೇಳಿದವಳು ನಾನು. ಇಷ್ಟು ನಿರಾಳವಾಗಿ, ಇಷ್ಟು ಕೆಟ್ಟದಾಗಿ ಸುಳ್ಳು ಹೇಳಿದವರನ್ನು ಕಂಡಿರಲಿಲ್ಲ.

"ಯಾರು ತಂದುಕೊಟ್ರು? ಸಂಧ್ಯಾನಾ?"

ಅವಳು ಚೀಲ ಎಳೆದುಕೊಂಡಳು. ಎಲೆ ಮಡಚಿ ಬಾಯಿಗಿಟ್ಟು ನಾಲ್ಕು ಸಲ ಅಗಿದು, ಮುಖ ಹಿಂಡಿ ಉಗಿದುಬಿಟ್ಟಳು. "ಥೂ, ದವ್ಡೆ ಸೋತೋಗ್ತದೆ," ಎಂದು ಗೊಣಗಿದಳು.

ನಾನು ಅದನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡೆ ಅಷ್ಟೇ. ನನ್ನ ಕಣ್ಣು ಪೊಟ್ಟಣದ ಮೇಲಿತ್ತು. ಸಾಕ್ಷಿ ಕೈಗೆ ಸಿಕ್ಕಿದರೆ ಪೊಲೀಸಿನವರಿಗೆ ಕಿವಿ ಮುಚ್ಚಿಹೋಗುತ್ತದೆ. ನಿಲ್ಲಿಸಬೇಡಿ ಎಂದಿದ್ದರು ಡಾಕ್ಟರ್. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು ಪೊಟ್ಟಣವನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಬೆಳಿಗ್ಗೆ ಸೇಲಂನಿಂದ ಪಾಪಿರೆಡ್ಡಿಪಟ್ಟಿ ಬಸ್ಸು. ಮಂಜವಾಡಿ ಘಾಟಿ ಏರುವಾಗ ಪೊಟ್ಟಣ ತೆಗೆದು ಬೆಳಕಿಗೆ ಹಿಡಿದೆ. ಮೂಲೆಯಲ್ಲಿ ಬಾಲ್‌ಪೆನ್ನಿನ ಗೀರು, ನಿನ್ನೆ ಮಬ್ಬಿನಲ್ಲಿ ಕಾಣದಿದ್ದದ್ದು. 16/2. ಕೆಳಗೆ, '20 ದಿನಕ್ಕೆ'.

ಫೆಬ್ರವರಿ ಹದಿನಾರು. ಟ್ಯಾಂಕಿಗೆ ಮದ್ದು ಬಿದ್ದದ್ದು ಹದಿನೆಂಟು. ಎರಡು ಮೂರು ದಿನದಲ್ಲಿ ಎದ್ದು ಓಡಾಡುತ್ತಾರೆ ಎಂದಿದ್ದರು ಡಾಕ್ಟರ್.

ಪುಡಿಯಲ್ಲಿ ಸ್ಟೀರಾಯ್ಡ್ ಇದ್ದರೆ, ಪೆದ್ದಮ್ಮನ ಕಾಯಿಲೆ ನಿಜ. ಆದರೆ ಆ ಬೆಳಿಗ್ಗೆ ಅವಳ ತೋಳು ಏಳುತ್ತಿತ್ತು. ಪುಡಿ ಬರೀ ಬೇರು ನಾರು ಆಗಿದ್ದರೆ, ರಕ್ತದ ವರದಿಗಳು ಸರಿ, ಫೈಬ್ರೋಮಯಾಲ್ಜಿಯಾ ಸರಿ, ಅಣ್ಣಾಮಲೈ ಸರಿ. ಆಗಲೂ ತೋಳು ಏಳುತ್ತಿತ್ತು! ಯಾವ ಕಡೆಯಿಂದ ನೋಡಿದರೂ ಆ ಮುದುಕಿ ಏಣಿ ಹತ್ತುತ್ತಿದ್ದಳು. ಉಳಿದದ್ದು ಒಂದೇ ದಾರಿ. ಪೊಟ್ಟಣದ ಮೇಲಿನ ತಾರೀಖು ಏನೇ ಇರಲಿ, ಅದು ಅವಳ ಕೈಸೇರಿದ್ದು ಹದಿನೆಂಟರ ನಂತರ ಎಂದು ತೋರಿಸಬೇಕು. ಕೊಂಡವರು ಯಾರು ಎಂದು ತಿಳಿಯದೆ ಅದಾಗುವುದಿಲ್ಲ.

ಪಕ್ಕದ ಸೀಟಿನ ಹೆಂಗಸು, "ಯಾಕಕ್ಕಾ, ಒಬ್ಳೇ ಬೈಕೊಳ್ತಿದೀಯ?" ಎಂದು ಕೇಳಿದಳು.

ಮಲ್ಲಪ್ಪನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಗೋಣಿಗಳಲ್ಲಿ ಬೇರು, ತೊಗಟೆ, ಒಣಗಿದ ಹೂವು. ಅರವತ್ತರ ಹತ್ತಿರದ ಮನುಷ್ಯ, ಹಣೆ ತುಂಬ ವಿಭೂತಿ, ಕನ್ನಡಕದ ಒಂದು ಕಾಲಿಗೆ ದಾರ. ಅಂಗಡಿಯ ಒಳಗೋಡೆಗೆ ಒರಗಿ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು ಕೂತು ಪೊಟ್ಟಣಕ್ಕೆ ಕಾಗದ ಕತ್ತರಿಸುತ್ತಿದ್ದಳು. ಎರಡು ಕಾಗದ ಕತ್ತರಿಸಿ ಕತ್ತರಿ ಕೆಳಗಿಟ್ಟು, ಬೆರಳು ಹಿಸುಕಿಕೊಂಡು ಮತ್ತೆ ಎತ್ತಿಕೊಳ್ಳುತ್ತಿದ್ದಳು.

ಪೊಟ್ಟಣ ಗಲ್ಲಾದ ಮೇಲಿಟ್ಟೆ. "ಇದ್ರಲ್ಲಿ ಏನ್ ಐತೆ?"

"ಅಮುಕ್ಕರ ಬೇರು, ಸುಂಠಿ, ಹಿಪ್ಪಲಿ. ಎಲ್ಲಾ ಕಾಡಿಂದು. ನಿಮ್ಗೂ ನೋವಾ?"

"ನಂಗೆ ತಲೆನೋವು, ನಿಮ್ಮಿಂದ. ಇದ್ರಲ್ಲಿ ಇಂಗ್ಲಿಷ್ ಮಾತ್ರೆ ಏನ್ ಸೇರ್ಸಿದೀರಿ?"

"ಅಯ್ಯಯ್ಯೋ!" ಎರಡೂ ಕೈ ಕಿವಿಗೆ ಹೋದವು. "ನಮ್ಮಪ್ಪ, ನಮ್ಮ ತಾತ, ಮೂರು ತಲೆಮಾರು..."

"ನಿಮ್ಮ ತಾತನ ಪುಡಿ ಎಷ್ಟು ದಿನಕ್ಕೆ ಹಿಡೀತಿತ್ತು?"

"ಒಂದ್ ಮಂಡಲ. ನಲ್ವತ್ತೆಂಟು ದಿನ."

"ನಿಮ್ದು?"

"ಎರಡೇ ದಿನ," ಎಂದವನು ನಾಲಿಗೆ ಕಚ್ಚಿಕೊಂಡ.

"ಎಲ್ಲಾರಿಗೂ ಎರಡೇ ದಿನಾನಾ?"

ಅವನು ಉತ್ತರ ಕೊಡುವ ಮೊದಲೇ ಒಳಗಿನ ಹೆಣ್ಣುಮಗಳು ಕತ್ತರಿಯನ್ನು ಕಾಗದದ ಮೇಲೆ ಎಸೆದಳು. "ನಂಗೆ ಬಿಟ್ಟು. ಅದನ್ನೂ ಏಳಪ್ಪಾ. ಊರಿಗೆಲ್ಲಾ ಎರಡ್ ದಿನ, ನಿನ್ ಮಗಳಿಗೆ ಏಳು ವರ್ಷದಿಂದ್ಲೂ ಇಲ್ಲ."

"ಪುಷ್ಪಾ, ಸುಮ್ನಿರು."

"ಯಾಕ್ ಸುಮ್ನಿರ್ಲಿ? ಆರ್ ತಿಂಗ್ಳು ತಿನ್ಸಿದೆ ಅದೇ ಪುಡೀನ. ಮೈ ಊದ್ಕೊಂತು, ನೋವು ಎಳ್ಳಷ್ಟೂ ಓಗ್ಲಿಲ್ಲ. ಇಲ್ಲಿ ಮುಟ್ಟಿದ್ರೆ ನೋವು, ಇಲ್ಲಿ ಮುಟ್ಟಿದ್ರೆ ನೋವು. ಅತ್ತು ಗಂಟೆ ಮಲಗಿದ್ರೂ ಗದ್ದೇಲಿ ಗೇದು ಬಂದಂಗಿರ್ತದೆ. ಗಂಡನ ಮನೇಲಿ ನಡಿಪ್ಪು, ನಾಟಕ ಅಂದ್ರು. ನೀನು ನನ್ ಪುಡಿಗೇ ಅವಮಾನ ಮಾಡ್ತೀಯ ಅಂತ ಬೈದೆ."

ಮಲ್ಲಪ್ಪ ತಲೆ ತಗ್ಗಿಸಿದ. ಅವನನ್ನು ಹೆದರಿಸಲು ಬಂದವಳು ನಾನು. ಡ್ರಗ್ಸ್ ಇನ್ಸ್‌ಪೆಕ್ಟರು, ರೇಡು, ಕೋರ್ಟು ಎಲ್ಲಾ ಬಾಯಲ್ಲಿ ಸಾಲಾಗಿ ನಿಂತಿದ್ದವು. ಯಾವುದೂ ಬೇಕಾಗಲಿಲ್ಲ.

"ಮಲ್ಲಪ್ನೋರೇ," ಎಂದೆ. "ನಾನು ಡಾಕ್ಟರಲ್ಲ. ಆದ್ರೆ ನಿನ್ನೆಯೆಲ್ಲಾ ಒಬ್ರು ಡಾಕ್ಟರ ಮುಂದೆ ಕೂತು ಬಂದಿದೀನಿ. ಮೈನೋವು ಅಂದ್ರೆ ಒಂದೇ ಕಾಯಿಲೆ ಅಲ್ಲ. ಊತದಿಂದ ಬರೋದು ಬೇರೆ, ಅದು ನಿಮ್ಮ ಪುಡಿಗೆ ಜಗ್ಗುತ್ತೆ. ನಿಮ್ಮ ಮಗಳದ್ದು ಇನ್ನೊಂದು ತರ ಇರಬೋದು. ಅದಕ್ಕೂ ಚಿಕಿತ್ಸೆ ಐತೆ, ಬೇರೆ ಐತೆ. ಈ ಪುಡಿ ಅದಕ್ಕಲ್ಲ. ಅವಳು ನಾಟಕ ಆಡ್ತಿಲ್ಲ."

ಪುಷ್ಪಾ ನನ್ನನ್ನೇ ನೋಡಿದಳು. ಆಮೇಲೆ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಯಾವ ಡಾಕ್ಟ್ರು?" ಎಂದ ಮಲ್ಲಪ್ಪ ಮೆಲ್ಲಗೆ.

"ಸೇಲಂನಲ್ಲಿ. ನಾನೇ ಕರ್ಕೊಂಡು ಓಗ್ತೀನಿ. ಈಗ ನಿಜ ಏಳಿ."

ಅವನು ಗಲ್ಲಾದ ಕೆಳಗಿನಿಂದ ಡಬ್ಬವೊಂದನ್ನು ತೆಗೆದ. ಬಿಳಿ ಸಣ್ಣ ಮಾತ್ರೆಗಳು, ಹಾಳೆ ಹಾಳೆ. "ಎಂಟು ವರ್ಷ ಆಯ್ತು. ಒಬ್ಬ ಏಜೆಂಟ್ ಬಂದು ತೋರ್ಸ್‌ದ. ಅರ್ದು ಸೇರ್ಸಿ, ಆಮೇಲ್ ನೋಡಿ ಅಂದ. ಮಂಡಿ ಮಡಚಕ್ಕಾಗ್ದೋರು ಮೂರನೇ ದಿನ ಕುಣ್ಕೊಂಡು ಬಂದ್ರು. ಬಿಡಕ್ಕಾಗ್ಲಿಲ್ಲ."

ಸ್ಟೀರಾಯ್ಡ್. ಡಾಕ್ಟರ್ ಹೇಳಿದ್ದು ನಿಜವಾಯಿತು. ಪೆದ್ದಮ್ಮನ ಕಾಯಿಲೆ ನಿಜವಾಯಿತು. ನನ್ನ ಕೇಸು ಮುರಿದುಬಿತ್ತು.

"ಈ ಪೊಟ್ಟಣ ಕೊಂಡಿದ್ದು ಯಾರು? ಹದಿನಾರನೇ ತಾರೀಖು. ನಂಗವಳ್ಳಿ ಕಡೆಯೋರು."

ಅವನು ಬಾಯಿ ತೆರೆಯುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಸಂಧ್ಯಾ.

"ಅಕ್ಕಾ!" ಎಂದು ಕೂಗಿದಳು. "ಅತ್ತೆಗೆ ಬಲಗಣ್ಣು ಕಾಣ್ಲಿಲ್ವಂತೆ. ಎದ್ದಾಗ ಕಪ್ಪು ಪರದೆ ಬಿದ್ದಂಗಾಯ್ತಂತೆ, ಒಂದ್ ಐದ್ ನಿಮಿಷ. ಈಗ ಕಾಣ್ತದೆ, ಮಂಜು ಮಂಜಂತೆ. ತಲೆ ಈ ಕಡೆ ಸಿಡೀತದೆ ಅಂತಾರೆ. ಬಾಚಣಿಗೆ ಮುಟ್ಸಕ್ಕೆ ಬಿಡಲ್ಲ. ಎಷ್ಟ್ ದಿನದಿಂದ ಅಂದ್ರೆ, ವಾರದಿಂದ ಅಂತಾರೆ ಅಕ್ಕ! ನಿನ್ನೆ ಡಾಕ್ಟರ ಅತ್ರ ಯಾಕ್ ಏಳ್ಲಿಲ್ಲ ಅಂದ್ರೆ, ಅವ್ರು ಬೇಗ ಬೇಗ ಕೇಳಿದ್ರು ಅಂತಾರೆ!"

ದವಡೆ ಸೋತುಹೋಗುತ್ತದೆ ಎಂದು ನನ್ನ ಕಣ್ಣೆದುರೇ ಉಗಿದಿದ್ದಳು.

ಪೊಟ್ಟಣ ಗಲ್ಲಾದ ಮೇಲೆ ಕೂತಿತ್ತು. ಇವತ್ತು ಬೆಳಿಗ್ಗೆ ಅವಳ ಹೊಟ್ಟೆಗೆ ಹೋಗಬೇಕಾಗಿದ್ದ ಚಮಚ ಅದರಲ್ಲೇ ಇತ್ತು.

ಒಂದು ನಿಮಿಷ ನಾನು ಲೆಕ್ಕ ಹಾಕಿದೆ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹಾಕಿದೆ. ಡಾಕ್ಟರಿಗೆ ಪುಡಿಯ ವಿಷಯ ಹೇಳಿದರೆ ಅದು ಆಸ್ಪತ್ರೆಯ ಕಾಗದಕ್ಕೆ ಏರುತ್ತದೆ, ತಾರೀಖಿನ ಸಮೇತ. ಅಣ್ಣಾಮಲೈ ಅದನ್ನೇ ಹಿಡಿದು ಕೋರ್ಟಿಗೆ ಬರುತ್ತಾರೆ. ಹೇಳದಿದ್ದರೆ ಸೋಮವಾರ ಅವಳಿಗೆ ಜಾಮೀನು ಸಿಗಬಹುದು. ಕಣ್ಣು ಉಳಿಯುತ್ತದೋ ಇಲ್ಲವೋ.

ಎಂಥ ಹಾಳು ಲೆಕ್ಕ ಅದು! ಸಂಧ್ಯಾಳನ್ನು ಲೈನಿನಲ್ಲೇ ಇರಿಸಿ ಚಂದ್ರಿಕಾ ಅವರನ್ನು ಸೇರಿಸಿದೆ. ಪುಡಿ, ಬಿಳಿ ಮಾತ್ರೆ, ಹದಿನಾರನೇ ತಾರೀಖು, ನಾನು ಎತ್ತಿಕೊಂಡು ಬಂದದ್ದು, ದವಡೆ, ತಲೆ, ಕಣ್ಣು, ಒಂದೂ ಬಿಡದೆ ಒದರಿದೆ.

"ಎಷ್ಟು ಹೇಳಿದ್ದೆ ನಿಮಗೆ!" ಎಂದರು ಅವರು. ಅಷ್ಟೇ, ಆಮೇಲೆ ಬೈಯಲು ಹೊತ್ತು ಕಳೆಯಲಿಲ್ಲ. "ಕೇಳಿ. ತಲೆಯ ರಕ್ತನಾಳಕ್ಕೂ ಊತ ಬಂದಿದೆ. ಈ ಕಾಯಿಲೆಯವರಲ್ಲಿ ಕೆಲವರಿಗೆ ಹಾಗಾಗುತ್ತೆ. ಆ ಪುಡಿ ನೋವು ಮುಚ್ಚೋಷ್ಟು ಇತ್ತು, ಕಣ್ಣು ಕಾಯೋಷ್ಟು ಇರಲಿಲ್ಲ. ಬಂದ ದೃಷ್ಟಿ ಮತ್ತೆ ಹೋದರೆ ವಾಪಸ್ ಬರಲ್ಲ. ಸಂಧ್ಯಾ, ಬಸ್ಸಿಗೆ ಕಾಯಬೇಡಿ, ಕಾರು ಹಿಡಿದು ಈಗಲೇ ಹೊರಡಿ. ನಾನು ಇಂಜೆಕ್ಷನ್ ಸಿದ್ಧ ಮಾಡಿಸಿರ್ತೀನಿ. ಬಾಗಿಲಲ್ಲಿ ನನ್ನ ಹೆಸರು ಹೇಳಿ, ಸಾಲಲ್ಲಿ ನಿಲ್ಲಬೇಡಿ."

ಡಾಕ್ಟರ್ ಫೋನಿಟ್ಟರು. ಸಂಧ್ಯಾ ಬೀದಿಯ ಯಾರನ್ನೋ ಕಾರಿಗಾಗಿ ಕೂಗಿದ್ದು ಕೇಳಿಸಿತು. ಮತ್ತೆ ಅವಳ ದನಿ.

"ಅಕ್ಕಾ, ಪುಡಿ ನಾನೇ ತಂದಿದ್ದು. ಪೊಂಗಲ್ ಆದ್ಮೇಲೆ. ರಾಗಿ ಗಂಜೀಲಿ ಕಲಸಿ ಕೊಡ್ತಿದ್ದೆ. ಅವ್ರು ನರಳೋದು ನೋಡಕ್ಕಾಗ್ಲಿಲ್ಲ ಅಕ್ಕ. ನನ್ನಿಂದಾನೇ ಇಂಗಾಯ್ತಾ?"

"ಆಮೇಲೆ? ಹದಿನಾರಕ್ಕೆ ಮತ್ತೆ ಬಂದ್ಯಲ್ಲ?"

"ಇಲ್ವಲ್ಲ. ಒಂದೇ ಪೊಟ್ಟಣ. ಫೆಬ್ರವರಿ ಮೊದಲ ವಾರ ಕಾಲಿ ಆಯ್ತು. ಅಷ್ಟೊತ್ಗೆ ಮೇಟೂರ್ ಡಾಕ್ಟ್ರು ಮಾತ್ರೆ ಕೊಟ್ರಲ್ಲ, ಅದನ್ನೇ ಕೊಟ್ಟೆ. ಮತ್ತೆ ಕಟ್ಟಿಗೆ ಆದ್ರು. ನಾನು ಆ ಕಡೆ ಮತ್ತೆ ಬಂದೇ ಇಲ್ಲ ಅಕ್ಕ, ಅತ್ತೆ ಆಣೆಗೂ."

ಕಾರಿನ ಬಾಗಿಲು ಬಡಿದ ಸದ್ದು. ಹಿಂದೆ ಪೆದ್ದಮ್ಮ ಯಾರಿಗೋ ಬೈಯುತ್ತಿದ್ದಳು, ಮೆಲ್ಲಗೆ ಕೂರಿಸಿ ಎಂದು. ಲೈನು ಹೋಯಿತು.

ನಾನು ಗಲ್ಲಾಕ್ಕೆ ಎರಡೂ ಕೈ ಊರಿ ನಿಂತೆ. ಮಲ್ಲಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು.

"ಆ ಯಮ್ಮನ ಕಣ್ಣು ಓಗ್ತದಾ?"

"ಗೊತ್ತಿಲ್ಲ. ಹದಿನಾರಕ್ಕೆ ಬಂದೋರು ಯಾರು? ಆ ಹುಡುಗಿ ಅಲ್ಲ ಅಂದ್ಳಲ್ಲ."

"ಹುಡುಗಿ ಅಲ್ಲ. ಮೊದಲ್ನೇ ಸಲ ಬಂದಿದ್ದು ಹುಡುಗಿ. ಹದಿನಾರಕ್ಕೆ ಬಂದಿದ್ದು ವಯಸ್ಸಾದೋರು. ಒಬ್ರೇ ಬಂದ್ರು. ಆ ಹುಡುಗಿ ಬಿಸಾಕಿದ್ದ ಕಾಗದ ಮಡಚಿ ಜೇಬಲ್ಲಿ ಇಟ್ಕೊಂಡಿದ್ರು, ಇದೇ ಪುಡಿ ಬೇಕು ಅಂತ ತೋರ್ಸಿದ್ರು. ಯಾರಿಗೆ ಅಂದೆ. ಪಕ್ಕದ ಮನೆ ಪೆದ್ದಮ್ಮನಿಗೆ, ನಾನು ಕೊಟ್ಟೆ ಅಂತ ಯಾರಿಗೂ ತಿಳೀಬಾರ್ದು, ಅವಳೂ ಏಳಲ್ಲ ಅಂದ್ರು."

"ಹೆಸರು?"

"ಏಳಿದ್ರು. ನಂಗವಳ್ಳಿ ದಾಸಪ್ಪ."

ನಾನು ಮತ್ತೊಮ್ಮೆ ಕೇಳಿದೆ. ಅವನು ಮತ್ತೊಮ್ಮೆ ಅದೇ ಹೆಸರು ಹೇಳಿದ.

ಹದಿನೇಳರ ಸಂಜೆ ಅವಳೊಡನೆ ಬೀದಿಯಲ್ಲಿ ಕಿತ್ತಾಡಿದವನು. ಹದಿನೆಂಟರ ಬೆಳಿಗ್ಗೆ ವಿಷದ ಕಾಫಿ ಕುಡಿದವನು. ಈ ಗಳಿಗೆ ಸೇಲಂನಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿರುವವನು.

"ಮತ್ತೇನಾದ್ರೂ ಕೇಳಿದ್ರಾ?"

ಮಲ್ಲಪ್ಪ ಮಗಳ ಕಡೆ ನೋಡಿದ. ಉತ್ತರ ಹೇಳಿದ್ದು ಪುಷ್ಪಾ.

"ಒಂದೇ ಮಾತು ಎರಡ್ ಮೂರು ಸಲ ಕೇಳಿದ್ರು ಅಕ್ಕ. 'ಇದನ್ನ ತಿಂದೋರು ನಾಳಿದ್ದು ಹದಿನೆಂಟಕ್ಕೆ ಬೆಳಿಗ್ಗೆ ಐದೂವರೆಗೆಲ್ಲಾ ಎದ್ದು ಏಣಿ ಹತ್ತಬೋದಾ?' ಅಂತ."